ವಿಳಾಸದ ಪುಸ್ತಕ ನಮ್ಮಲ್ಲೇ ಇರಲಿ



ಊರಿನ ಏರೋಗ್ರಾಮಿಗಾಗಿ ವಾರಗಟ್ಟಲೆ ಕಾದವರು ನಾವು. ಇಂದು ಅಡುಗೆಮನೆಯಲ್ಲಿ ಚಟ್ನಿಪುಡಿ ಕುಟ್ಟುತ್ತಲೇ ಅದನ್ನು ವಾಟ್ಸ್‌ಆ್ಯಪಿನಲ್ಲಿ ಮಾರುತ್ತೇವೆ. ಮಗಳ ರಂಗಪ್ರವೇಶದ ಆಮಂತ್ರಣವೂ ಅಲ್ಲಿಂದಲೇ ಹೊರಡುತ್ತದೆ. ಈ ಅನುಕೂಲವನ್ನು ಹಳಿಯಲು ನಾವು ಬಂದಿಲ್ಲ.

ಆದರೆ ಅದರ ಕ್ರಮವನ್ನು ಅರಿತಿದ್ದೇವೆಯೆ? ಅಲ್ಲಿನ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶವು ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ತಲಪುತ್ತದೆ. ಉಳಿದ ಗಿರಾಕಿಗಳಿಗೆ ದೀಪಾವಳಿಯ ಕಜ್ಜಾಯದ ಸುದ್ದಿಯೇ ಮುಟ್ಟದು. ನಾವೋ, ಅವರಿಗೆ ರುಚಿಸಲಿಲ್ಲವೆಂದು ಕೊರಗುತ್ತೇವೆ! ಮೊದಲ ಮಾರಾಟದಲ್ಲೇ 'ನಮ್ಮ ಸಂಖ್ಯೆಯನ್ನು ಉಳಿಸಿಕೊಳ್ಳಿ' ಎನ್ನಲು ಸಂಕೋಚವೇಕೆ?

ಇದಕ್ಕಿಂತ ದೊಡ್ಡ ಮಾತೊಂದಿದೆ. 2004ರಲ್ಲಿ ಹುಟ್ಟಿದ ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೇ ಸ್ತಬ್ಧವಾದವು. ಮೂರಕ್ಕೂ ಒಡೆಯರು ಒಬ್ಬರೇ. ಪರರ ಜಗಲಿಯ ಮೇಲೆ ಹೂಡಿದ ಅಂಗಡಿ ನಮ್ಮದು. ಆದುದರಿಂದ ಗಿರಾಕಿಗಳ, ಬಂಧುಗಳ ಹೆಸರು, ಫೋನು, ಇಮೇಲುಗಳನ್ನು ತಿಂಗಳಿಗೊಮ್ಮೆಯಾದರೂ ಬೇರೆಡೆ ಬರೆದಿಡೋಣ, ನಮ್ಮ ಹಿರಿಯರ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕದಂತೆ. ಊರಿನ ಛಾಯಾಚಿತ್ರಗಳನ್ನೂ ಇಳಿಸಿಕೊಂಡಿಡೋಣ. ಭಾನುವಾರದ ಒಂದು ಗಂಟೆ ಸಾಕು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅರ್ಧ ಗಂಟೆ.