ವಿಜ್ಞಾನಕ್ಕೂ ಒಂದು ನಕ್ಷೆ



ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕೇಟಿ ಬೋರ್ನರ್ ಎಂಬ ಪ್ರಾಧ್ಯಾಪಕಿ ಇದ್ದಾರೆ. ಜರ್ಮನಿಯಲ್ಲಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಮೇಲೆ ಕಂಪ್ಯೂಟರ್ ವಿಜ್ಞಾನ, ಹೆಸರಾದದ್ದು ನಕ್ಷೆಗಳಿಂದ. ಊರಿನ ನಕ್ಷೆಯಲ್ಲ, ವಿಜ್ಞಾನದ್ದು! ಯಾವ ಲೇಖನ ಯಾವುದನ್ನು ಉಲ್ಲೇಖಿಸಿದೆ ಎಂದು ಕಂಪ್ಯೂಟರಿನಲ್ಲಿ ಎಣಿಸಿ, ನಂಟಿರುವ ವಿಷಯಗಳನ್ನು ಹತ್ತಿರ ಹತ್ತಿರ ಕೂರಿಸುವುದು. ಗಣಿತದಿಂದ ವೈದ್ಯಕೀಯಕ್ಕೆ ದಾರಿ ಎಲ್ಲಿದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. 2005ರಲ್ಲಿ ಶುರುವಾದ ಅವರ ನಕ್ಷೆಗಳ ಪ್ರದರ್ಶನ ಹಲವು ದೇಶ ಸುತ್ತಿದೆ. 2010ರಲ್ಲಿ ‘ಅಟ್ಲಾಸ್ ಆಫ್ ಸೈನ್ಸ್’ ಪುಸ್ತಕ ಬಂತು.

ಆದರೆ ಇಂಥ ನಕ್ಷೆಗಳಿಗೆ ಸಿಗುವ ಮಾಹಿತಿಯಲ್ಲಿ ಇಂಗ್ಲಿಷ್ ಲೇಖನಗಳೇ ಹೆಚ್ಚು. ಶಿವರಾಮ ಕಾರಂತರ 4 ಸಂಪುಟಗಳ ‘ವಿಜ್ಞಾನ ಪ್ರಪಂಚ’ಕ್ಕೆ ಅಲ್ಲಿ ಒಂದು ಚುಕ್ಕೆ ಸಿಗುವುದೂ ಕಷ್ಟ. ಕಾಲೇಜಿನಲ್ಲಿ ಈ ವಿದ್ಯೆ ಹಿಡಿಯುವವರು ನಿಮ್ಮಲ್ಲಿದ್ದರೆ, ಎರಡೂ ಭಾಷೆ ಓದಬಲ್ಲವರು ನೀವು, ಕನ್ನಡದ ವಿಜ್ಞಾನ ಬರಹಗಳ ಪಟ್ಟಿಯಿಂದಲೇ ಶುರುಮಾಡಿ.