ಒಂದೇ ಒಂದು ಪಂದ್ಯ



ಅಮೆರಿಕದ ಅತ್ಯುನ್ನತ ಮಟ್ಟದ ಬೇಸ್‌ಬಾಲ್ ದಾಖಲೆಗಳಲ್ಲಿ ಆರ್ಚಿಬಾಲ್ಡ್ ಗ್ರಹಾಂ ಎಂಬ ಹೆಸರಿದೆ. ಅಡ್ಡಹೆಸರು ‘ಮೂನ್‌ಲೈಟ್’, ಅಂದರೆ ಬೆಳದಿಂಗಳು. ಅವರ ಲೆಕ್ಕ ಬಲು ಚಿಕ್ಕದು: ಆಡಿದ ಪಂದ್ಯ 1, ಬ್ಯಾಟ್ ಹಿಡಿದ ಸರದಿ 0.

ನಾರ್ತ್ ಕೆರೊಲಿನಾದ ಕಾಲೇಜು ತಂಡದಲ್ಲಿ ಆಡಿ ಬೆಳೆದ ಹುಡುಗ ಆತ. 1905ರ ಜೂನ್ 29ರಂದು ನ್ಯೂಯಾರ್ಕ್ ಜೈಂಟ್ಸ್ ತಂಡ ಬ್ರೂಕ್ಲಿನ್ ಎದುರು ಸುಲಭವಾಗಿ ಗೆಲ್ಲುತ್ತಿತ್ತು. ಪಂದ್ಯದ ಕೊನೆಯ ಹೊತ್ತಿಗೆ ಜೈಂಟ್ಸ್ ಪರ ಗ್ರಹಾಂ ಅವರನ್ನು ಫೀಲ್ಡಿಂಗ್‌ಗೆ ಇಳಿಸಿದರು. ಮುಂದಿನ ಬ್ಯಾಟಿಂಗ್ ಅವರದೇ ಆಗಬೇಕಿತ್ತು. ಅಷ್ಟರಲ್ಲಿ ಜೊತೆಗಾರ ಔಟಾದ, ತಂಡದ ಬ್ಯಾಟಿಂಗ್ ಸರದಿ ಮುಗಿಯಿತು. ಆ ಮಟ್ಟದ ಆಟದಲ್ಲಿ ಅವರಿಗೆ ಮತ್ತೆ ಅವಕಾಶ ಸಿಗಲೇ ಇಲ್ಲ.

ಕೈಗೆಟುಕಿದ್ದು ಬಾಯಿಗೆ ಬರಲಿಲ್ಲ ಎಂದು ಅವರು ಕೊರಗುತ್ತ ಕೂರಲಿಲ್ಲ. ವೈದ್ಯಶಾಸ್ತ್ರ ಓದಿದ್ದ ಗ್ರಹಾಂ, ಮಿನ್ನೆಸೋಟಾದ ಚಿಶೋಮ್ ಎಂಬ ಗಣಿ ಊರಿಗೆ ಹೋಗಿ ನೆಲೆಸಿದರು. ಅಲ್ಲಿನ ಶಾಲೆಗಳ ವೈದ್ಯರಾಗಿ ದಶಕಗಳ ಕಾಲ ಮಕ್ಕಳ ಆರೋಗ್ಯ ನೋಡಿಕೊಂಡರು, ಮಕ್ಕಳ ರಕ್ತದೊತ್ತಡದ ಬಗ್ಗೆ ಅಧ್ಯಯನವನ್ನೂ ಮಾಡಿದರು. 1965ರಲ್ಲಿ ತೀರಿಕೊಂಡರು. 1989ರಲ್ಲಿ ಬಂದ ‘ಫೀಲ್ಡ್ ಆಫ್ ಡ್ರೀಮ್ಸ್’ ಚಲನಚಿತ್ರ ಅವರನ್ನು ಜಗತ್ತಿಗೆ ಪರಿಚಯಿಸಿತು.

ದಾಖಲೆ ಪುಸ್ತಕ ಅವರಿಗೆ ಕೊಟ್ಟದ್ದು ಒಂದೇ ಸಾಲು. ಚಿಶೋಮ್‌ನ ಮಕ್ಕಳಿಗೆ ಮಾತ್ರ ಅವರು ದಿನವೂ ಬೇಕಾದ ಡಾಕ್ಟರು. ನಮಗೂ ಕೈತಪ್ಪಿದ ಸರದಿಗಳಿವೆ. ಅವುಗಳನ್ನು ಎಣಿಸುತ್ತ ಕೂರುವುದಕ್ಕಿಂತ, ಇವತ್ತು ನಮ್ಮ ಮುಂದಿರುವ ಕೆಲಸಕ್ಕೆ ಕೈ ಹಾಕೋಣ.