ಹಳೆಯ ಕಾರಿನ ಜೀರ್ಣೋದ್ಧಾರ

ನಮ್ಮ ನಾಡಿನ ಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದದ್ದು. ದೇವಾಲಯಕ್ಕೆ ದತ್ತಿ ಬಿಡುವಾಗ ಪೂಜೆಗೆ, ನೈವೇದ್ಯಕ್ಕೆ, ನಂದಾದೀಪಕ್ಕೆ ಎಂದು ಹೇಳುವುದರ ಜೊತೆಯಲ್ಲಿಯೇ, ಒಡೆದದ್ದನ್ನೂ ಬಿರುಕುಬಿಟ್ಟದ್ದನ್ನೂ ಸರಿಪಡಿಸುವುದಕ್ಕೂ ಭೂಮಿ ಬಿಡುತ್ತಿದ್ದರು. ಕಟ್ಟಿದ್ದು ಹಳತಾಗುತ್ತದೆ, ಹಳತಾದದ್ದನ್ನು ನೋಡಿಕೊಳ್ಳುವವರು ಬೇಕಾಗುತ್ತದೆ ಎಂಬ ಎಚ್ಚರ ಆ ಜನಕ್ಕೆ ಇತ್ತು. ಮೋಟಾರು ಕಾರನ್ನು ಕುರಿತ ಮಾತಿಗೆ ಶಾಸನದ ಪೀಠಿಕೆ ಏತಕ್ಕೆ ಎಂದು ತಾವು ಕೇಳಬಹುದು. ಮನೆಯ ಹಿಂಬದಿಯ ಷೆಡ್ಡಿನಲ್ಲಿ ಎರಡು ವರ್ಷದ ಭಾನುವಾರಗಳನ್ನು ಒಂದು ಹಳೆಯ ಗಾಡಿಯೊಡನೆ ಕಳೆದ ಮೇಲೆ, ಆ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಸಿಕ್ಕಿಲ್ಲ. ಒಡೆದದ್ದು ಒಂದು ಬಗೆ, ಬಿರುಕುಬಿಟ್ಟದ್ದು ಇನ್ನೊಂದು ಬಗೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಗಾಡಿ 1951ರ ಮಾರಿಸ್ ಮೈನರ್. ಇದರ ಜನ್ಮವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇದನ್ನು ರೂಪಿಸಿದವನು ಸ್ಮಿರ್ನಾ ಪಟ್ಟಣದಲ್ಲಿ 1906ರಲ್ಲಿ ಹುಟ್ಟಿದ ಅಲೆಕ್ ಇಸ್ಸಿಗೋನಿಸ್. ಮುಂದೆ 1959ರಲ್ಲಿ ‘ಮಿನಿ’ ಕಾರಿನಿಂದ ಜಗತ್ಪ್ರಸಿದ್ಧನಾದವನು. ಮೈನರ್ ಕಾರು ಲಂಡನ್ನಿನ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದದ್ದು 1948ರ ಅಕ್ಟೋಬರಿನಲ್ಲಿ. ಅದಕ್ಕೆ ಕೆಲವು ತಿಂಗಳು ಮೊದಲು, ಗಾಡಿ ತೀರ ಇಕ್ಕಟ್ಟಾಗಿ ಕಾಣುತ್ತದೆಂದು ಇಸ್ಸಿಗೋನಿಸ್ ಮಾದರಿಯನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ಕಣ್ಣಿಗೆ ಒಪ್ಪುವವರೆಗೆ ದೂರ ಸರಿಸಿದ. ಅಂತರ 4 ಅಂಗುಲವಾಯಿತು. ಬಾನೆಟ್ಟಿನ ನಡುವೆ ಇಂದಿಗೂ ಕಾಣುವ ಚಪ್ಪಟೆಯಾದ ಪಟ್ಟಿ ಆ 4 ಅಂಗುಲದ ಗುರುತು. ಸಂಸ್ಥೆಯ ಒಡೆಯನಾದ ಲಾರ್ಡ್ ನಫೀಲ್ಡ್ ಇದರ ಆಕಾರವನ್ನು ನೋಡಿ, ನೀರಿನಲ್ಲಿ ಒಡೆದು ಬೇಯಿಸಿದ ಮೊಟ್ಟೆ ಎಂದು ಹಾಸ್ಯ ಮಾಡಿದನೆಂದು ಪ್ರತೀತಿ. ಆ ಮೊಟ್ಟೆಯೇ 1970ರ ದಶಕದ ಆರಂಭದವರೆಗೆ ಹದಿನಾರು ಲಕ್ಷದಷ್ಟು ಮಾರಾಟವಾಯಿತು. 1950ರ ದಶಕದಲ್ಲಿ ಇದು ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಿಂದ ನಮ್ಮ ದೇಶದಲ್ಲಿಯೂ ತಯಾರಾಯಿತು. 2014ರಲ್ಲಿ ನಿಂತುಹೋದ ಅಂಬಾಸಡರ್ ಕಾರು ಇದೇ ಮನೆತನದ ದೊಡ್ಡ ದಾಯಾದಿ.

ಹಳೆಯ ಕಾಲದ ಗಾಡಿಗಳಲ್ಲಿ ಕೆಳಗೊಂದು ಗಟ್ಟಿಯಾದ ಚಾಸಿ, ಮೇಲೊಂದು ಬಾಡಿ ಇರುತ್ತಿತ್ತು; ಎತ್ತಿನ ಗಾಡಿಯ ಚೌಕಟ್ಟಿನ ಮೇಲೆ ಕಮಾನು ಕೂಡಿಸಿದ ಹಾಗೆ. ಮೈನರ್ ಹಾಗಲ್ಲ. ಅದರಲ್ಲಿ ಬಾಡಿಯೇ ಚಾಸಿ. ತೆಳುವಾದ ತಗಡನ್ನು ಮಡಿಸಿ, ಪೆಟ್ಟಿಗೆಯಂತೆ ಬೆಸೆದು, ಆ ಟೊಳ್ಳಿನಿಂದಲೇ ಬಲವನ್ನು ಪಡೆದಿದ್ದಾರೆ. ಬಾಗಿಲುಗಳ ಕೆಳಗೆ ಎರಡೂ ಕಡೆ ಹೊಸ್ತಿಲಿನಂಥ ಎರಡು ಪೆಟ್ಟಿಗೆಗಳು. ಮುಂದಿನ ಸೀಟುಗಳ ಅಡಿಯಲ್ಲಿ ಅವುಗಳನ್ನು ಕೂಡಿಸುವ ಒಂದು ಅಡ್ಡತೊಲೆ. ಗಾಡಿಯ ಬೆನ್ನೆಲುಬು ಇವೇ. ಮಡ್‌ಗಾರ್ಡುಗಳು ಬರಿಯ ಬೋಲ್ಟಿನ ಮೇಲೆ ನಿಂತಿರುವ ಅಲಂಕಾರ. ಆದುದರಿಂದ ಮಡ್‌ಗಾರ್ಡು ತೂತಾದರೆ ಗಾಡಿ ಕುರೂಪವಾದೀತು, ಅಷ್ಟೆ. ಹೊಸ್ತಿಲು ತೂತಾದರೆ ಗಾಡಿ ನಡು ಮುರಿದು ಕೂರುತ್ತದೆ.

ನೀರು ಈ ಟೊಳ್ಳುಗಳೊಳಕ್ಕೆ ಹೋಗುತ್ತದೆ. ಹೊರಕ್ಕೆ ಬರಲೆಂದು ಬಿಟ್ಟಿರುವ ಸಣ್ಣ ರಂಧ್ರಗಳು ರಸ್ತೆಯ ಕೆಸರಿನಿಂದ ಮುಚ್ಚಿಹೋಗುತ್ತವೆ. ಅಲ್ಲಿಂದ ಮುಂದೆ ಒಳಗಿನಿಂದಲೇ ಕೇಡು ಆರಂಭ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುತ್ತದೆ. ಎರಡು ತಗಡುಗಳ ಸಂದಿನಲ್ಲಿ ಹುಟ್ಟಿದರೆ ಬೆಣೆಯಂತೆ ಅವನ್ನು ಬೇರ್ಪಡಿಸುತ್ತದೆ. ಹೊರಗಿನ ಬಣ್ಣದಲ್ಲಿ ಒಂದು ಸಾಸಿವೆಯಷ್ಟು ಗುಳ್ಳೆ ಕಂಡಿತೆಂದರೆ ಒಳಗೆ ಅಂಗೈಯಗಲ ಹೋಗಿದೆ ಎಂದು ತಿಳಿಯಬೇಕು. ನನ್ನ ಗಾಡಿಯಲ್ಲಿ ಆ ಗುಳ್ಳೆಯೂ ಕಾಣುತ್ತಿರಲಿಲ್ಲ. ಹಿಂದೆ ಯಾವುದೋ ಗ್ಯಾರೇಜಿನವರು ತುಂಬ ಅಂದವಾಗಿ ಬಣ್ಣ ಹೊಡೆದಿದ್ದರು. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದಾಗ, ಕಂಚಿನಂತೆ ಕೇಳಬೇಕಾದ ಸದ್ದು ಎಡಗಡೆಯ ಹೊಸ್ತಿಲಿನ ಬಳಿ ಕುಂಬಳಕಾಯಿಯಂತೆ ಕೇಳಿತು. ಸ್ಕ್ರೂಡ್ರೈವರು ಒತ್ತಿದರೆ ಹಿಡಿಯವರೆಗೆ ಇಳಿಯಿತು. ಬಣ್ಣದ ಕೆಳಗೆ ಅರ್ಧ ಅಂಗುಲ ಪುಟ್ಟಿ. ಪುಟ್ಟಿಯ ಹಿಂದೆ ಆಧಾರಕ್ಕೆಂದು ಉಂಡೆಗಟ್ಟಿ ತುರುಕಿದ ಒಂದು ಕನ್ನಡ ದಿನಪತ್ರಿಕೆ. ಓದುವುದಕ್ಕೆ ಸಾಲದಷ್ಟು ಅಕ್ಷರಗಳು ಉಳಿದಿದ್ದವು; ಮಳೆಯ ನೀರನ್ನು ಹೀರಿಟ್ಟುಕೊಳ್ಳುವುದಕ್ಕೆ ಕಾಗದ ಧಾರಾಳವಾಗಿತ್ತು.

ಪುಟ್ಟಿ ಕೆಟ್ಟ ಪದಾರ್ಥವಲ್ಲ. ತಟ್ಟಿ ಸಮಮಾಡಿದ ತಗಡಿನ ಮೇಲೆ ಉಳಿಯುವ ಸೂಕ್ಷ್ಮವಾದ ಏರುಪೇರನ್ನು ಮುಚ್ಚುವುದಕ್ಕೆ ಅದು ಬೇಕೇ ಬೇಕು. ಆದರೆ ಅದು ಬಲವನ್ನು ಹೊರಲಾರದು. ತಗಡು ಇರಬೇಕಾದ ಸ್ಥಳದಲ್ಲಿ ಅದನ್ನು ಇಟ್ಟು ಮೇಲೆ ಬಣ್ಣ ಬಳಿಯುವುದು ನೋಡುವವರಿಗೆ ಮಾಡುವ ವಂಚನೆ ಮಾತ್ರವಲ್ಲ, ಒಳಗೆ ಕುಳಿತವರ ಪ್ರಾಣದೊಡನೆ ಆಡುವ ಆಟ. ಈ ಗಾಡಿಯನ್ನು ಓಡಿಸಬೇಕೆಂದು ಆಸೆಪಟ್ಟಿದ್ದವಳು ನನ್ನ ಮಗಳು. ಪತ್ರಿಕೆಯ ಉಂಡೆಯನ್ನು ಹೊರಗೆಳೆದ ದಿನ, ಬಣ್ಣದ ಮಾತನ್ನು ಎಲ್ಲಕ್ಕಿಂತ ಕಡೆಯಲ್ಲಿ ಆಡತಕ್ಕದ್ದೆಂದು ಮನೆಯಲ್ಲಿ ನಿಶ್ಚಯವಾಯಿತು.

ನನಗೆ ವಿದ್ಯೆ ಹೇಳಿಕೊಟ್ಟವರು ನಲವತ್ತು ವರ್ಷ ಟಿಂಕರಿಂಗ್ ಮಾಡಿದ ಒಬ್ಬ ಮೇಸ್ತ್ರಿ. ಅವರ ಮೊದಲ ನಿಯಮ, ಕತ್ತರಿಸುವುದಕ್ಕೆ ಮುಂಚೆ ಕಟ್ಟು ಎಂಬುದು. ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಬಾಗಿಲ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು, ಅನಂತರವೇ ಹೊಸ್ತಿಲನ್ನು ಕೊಯ್ಯಬೇಕು. ಅದೂ ಒಂದು ಸಲಕ್ಕೆ ಒಂದೇ ಕಡೆ. ಇಲ್ಲದಿದ್ದರೆ ಬಾಡಿ ಕೂದಲೆಳೆಯಷ್ಟು ಬಾಗಿ, ಹೊಸ ಹೊಸ್ತಿಲು ಆ ಬಾಗನ್ನೇ ಶಾಶ್ವತಗೊಳಿಸುತ್ತದೆ. ಮತ್ತೆ ಎಂದಿಗೂ ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ. ಬೆಂಕಿ ಹಚ್ಚುವ ಮೊದಲು ಡಿಕ್ಕಿಯ ತಳದಲ್ಲಿರುವ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ಅಂಗಳದಾಚೆಗೆ ಒಯ್ದಿಡಬೇಕು. ಬೆಸುಗೆಯನ್ನು ಒಂದೇ ಉಸಿರಿಗೆ ಎಳೆಯಬಾರದು. ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ ಹಾಕಿ ಕಾವು ಆರಗೊಡಬೇಕು. ಒಂದೇ ಕಡೆ ಕಾದ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಒಮ್ಮೆ ಬಾಗಿಲಿನಲ್ಲಿ ಉಬ್ಬಿದ ಒಂದು ಭಾಗವನ್ನು ತಟ್ಟಿ ಕೂರಿಸಲು ನಾನು ಸುತ್ತಿಗೆ ಎತ್ತಿದಾಗ ಅವರು ಕೈ ಹಿಡಿದರು. “ಬೇಡಿ ಸ್ವಾಮಿ. ಅದು ಹೊಡೆತ ತಿಂದು ತಿಂದು ಹಿಗ್ಗಿರೋ ತಗಡು. ಇನ್ನೂ ಹೊಡೆದರೆ ಇನ್ನೂ ಹಿಗ್ಗತ್ತೆ. ಕಾಯಿಸಿ ಕುಗ್ಗಿಸಬೇಕು” ಎಂದರು. ಎಂಟಾಣೆಯಗಲದ ಜಾಗವನ್ನು ಕೆಂಪಗೆ ಕಾಯಿಸಿ, ಹಿಂದೆ ಡಾಲಿಯನ್ನು ಆನಿಸಿ, ನಾಲ್ಕು ಸಣ್ಣ ಏಟು ಕೊಟ್ಟು ಒದ್ದೆಯ ಬಟ್ಟೆ ಒತ್ತಿದರು. ಉಬ್ಬು ತನ್ನಷ್ಟಕ್ಕೆ ಒಳಕ್ಕೆ ಹೋಯಿತು. ತಗ್ಗಾದ ಭಾಗವನ್ನೇ ತೆಗೆದೆಸೆದು ಹೊಸದನ್ನು ಕೂರಿಸುವ ಇಂದಿನ ರೂಢಿಯಲ್ಲಿ ಈ ಕೈಗಳಿಗೆ ಕೆಲಸ ಕಡಿಮೆಯಾಗಿದೆ. ಅವರ ಮಗ ಈ ಕಸುಬಿಗೆ ಬಂದಿಲ್ಲ. ಬಂದಿಲ್ಲವೆಂದು ಅವರು ದುಃಖಪಟ್ಟದ್ದನ್ನೂ ನಾನು ಕಾಣಲಿಲ್ಲ, ದುಃಖವೆಲ್ಲ ನನ್ನದಾಗಿತ್ತು.

ಇನ್ನು ಮುಂದಿನ ಸಸ್ಪೆನ್ಷನ್ನಿನ ಮಾತು. ಮೈನರಿನ ಮುಂಗಾಲಿಗಳಿಗೆ ಸುರುಳಿಯ ಸ್ಪ್ರಿಂಗಿಲ್ಲ, ಪಟ್ಟಿಯ ಸ್ಪ್ರಿಂಗೂ ಇಲ್ಲ. ಗಾಡಿಯ ಉದ್ದಕ್ಕೆ ಎರಡು ಉಕ್ಕಿನ ಸರಳುಗಳಿವೆ. ಟಾರ್ಷನ್ ಬಾರ್ ಎಂದು ಹೆಸರು. ಸರಳಿನ ಮುಂದಿನ ತುದಿ ಗಾಲಿಯ ಕೆಳತೋಳಿಗೆ, ಹಿಂದಿನ ತುದಿ ನಾನು ಆಗಲೇ ಹೇಳಿದ ಅಡ್ಡತೊಲೆಗೆ. ಗಾಲಿ ಹಳ್ಳದಲ್ಲಿ ಬಿದ್ದು ಎದ್ದಾಗ ಸರಳು ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಬಾಡಿಯ ಕೆಲಸ ಮುಗಿಯದೆ ಸಸ್ಪೆನ್ಷನ್ನಿಗೆ ಏಕೆ ಕೈಹಾಕಬಾರದೆಂಬುದು ಇಲ್ಲಿ ತಿಳಿಯುತ್ತದೆ: ಅಡ್ಡತೊಲೆ ತುಕ್ಕು ಹಿಡಿದಿದ್ದರೆ ಎಂಥ ಉಕ್ಕಿನ ಸರಳಾದರೂ ಯಾವುದನ್ನು ಹಿಡಿದುಕೊಂಡು ತಿರುಚಿಕೊಂಡೀತು? ಈ ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ವ್ಯಾಸ ಹತ್ತರಲ್ಲೊಂದು ಪಾಲು ಸವೆದರೆ ಬಿಗಿ ಮೂರರಲ್ಲೊಂದು ಪಾಲು ಇಳಿಯುತ್ತದೆ. ಮೈಮೇಲೆ ಒಂದು ಗೀರು ಬಿದ್ದರೂ ಅಲ್ಲಿಂದ ಬಿರುಕು ಹುಟ್ಟಬಹುದು. ಆದುದರಿಂದ ಇದನ್ನು ಪೈಪ್ ರೆಂಚಿನಲ್ಲಿ ಹಿಡಿಯಬಾರದು. ಬಲದ್ದನ್ನು ಎಡಕ್ಕೆ ಹಾಕಬಾರದು. ವರ್ಷಗಟ್ಟಲೆ ಒಂದೇ ದಿಕ್ಕಿಗೆ ತಿರುಚಿಕೊಂಡು ಒಗ್ಗಿದ ಉಕ್ಕನ್ನು ವಿರುದ್ಧ ದಿಕ್ಕಿಗೆ ತಿರುಚಿದರೆ ಅದು ಮುರಿಯಬಹುದು. ಬಿಚ್ಚುವಾಗ ಕೆಳತೋಳಿಗೆ ಜಾಕ್ ಕೊಟ್ಟು, ತಿರುಚಿನ ಶಕ್ತಿಯೆಲ್ಲ ತೀರುವವರೆಗೆ ಮೆಲ್ಲಮೆಲ್ಲನೆ ಇಳಿಸಬೇಕು. ನಿಂತ ಗಾಡಿಯಲ್ಲಿಯೂ ಆ ಶಕ್ತಿ ಅಡಗಿ ಕುಳಿತಿರುತ್ತದೆ.

ಇಷ್ಟು ಜಾಣತನದ ರಚನೆಯಲ್ಲಿ ಒಂದು ಮರ್ಮಸ್ಥಾನವಿದೆ. ಗಾಲಿಯನ್ನು ಹೊತ್ತ ಕಿಂಗ್ ಪಿನ್ನಿನ ಮೇಲೂ ಕೆಳಗೂ ಮರೆ ಕೊರೆದಿದೆ. ಆ ಮರೆಯ ಮೇಲೆ ಟ್ರನಿಯನ್ ಎಂಬ ಲೋಹದ ತುಂಡು ತಿರುಗುತ್ತದೆ. ಗಾಡಿಯ ಮುಂಭಾಗದ ಭಾರವೆಲ್ಲ ಆ ಮರೆಯ ಮೇಲೆ. ಗ್ರೀಸ್ ಸಿಗುತ್ತಿರುವವರೆಗೆ ಅದು ದೀರ್ಘಾಯು. ಗ್ರೀಸ್ ಮರೆತರೆ ಧೂಳೂ ನೀರೂ ಸೇರಿ ಮರೆಯನ್ನು ಅರೆದು ತೆಗೆಯುತ್ತವೆ. ಕೊನೆಗೊಂದು ದಿನ ಕೆಳಗಿನ ತುಂಡು ಕಳಚಿ, ಗಾಲಿ ಮಡಿಸಿಕೊಂಡು, ಗಾಡಿ ಮೂಗುತಿರುವಿ ರಸ್ತೆಗೆ ಕುಸಿಯುತ್ತದೆ. ಮೈನರ್ ಕಾರಿನವರಿಗೆಲ್ಲ ಗೊತ್ತಿರುವ ಅಪಾಯ ಇದು. ನಾವು ಬಿಚ್ಚಿದ ಪಿನ್ನಿನಲ್ಲಿ ಚೂಪಾಗಿರಬೇಕಾದ ಮರೆ ಬೆರಳಿಗೆ ಬರಿಯ ಅಲೆಯಂತೆ ತಾಗುತ್ತಿತ್ತು. ಮೇಲೆ ನೋಡಿದರೆ ಗಾಡಿ ಹೊಳೆಯುತ್ತಿತ್ತಲ್ಲ!

ಹೊಸ ಪಿನ್ನುಗಳನ್ನು ಇಂಗ್ಲೆಂಡಿನಿಂದ ತರಿಸಿದ್ದಾಯಿತು. ಇಂದಿಗೂ ಅಲ್ಲಿ ಈ ಗಾಡಿಯ ಬಿಡಿಭಾಗಗಳನ್ನು ಮಾಡುತ್ತಾರೆ. ಹೊಸ ರಬ್ಬರ್ ಬುಷ್‌ಗಳನ್ನು ಕೂರಿಸಿದ ಮೇಲೆ ಒಂದು ನಾಜೂಕಿದೆ: ಗಾಲಿ ನೇತಾಡುತ್ತಿರುವಾಗ ನಟ್ಟುಗಳನ್ನು ಪೂರ್ತಿ ಬಿಗಿಮಾಡಬಾರದು. ಗಾಡಿಯನ್ನು ನೆಲಕ್ಕಿಳಿಸಿ, ಅದರ ಭಾರ ಅದರ ಕಾಲಿನ ಮೇಲೆ ನಿಂತ ಮೇಲೆ ಬಿಗಿಮಾಡಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗ್ರೀಸ್ ಹಾಕುವ ಕ್ರಮ ಇದಕ್ಕೆ ತದ್ವಿರುದ್ಧ. ಭಾರವನ್ನು ಜಾಕಿನ ಮೇಲೆ ಎತ್ತಿಕೊಂಡರೆ ಮಾತ್ರ ಅದು ಒತ್ತಿ ಕುಳಿತ ಮೈಗಳ ನಡುವೆ ನುಗ್ಗುತ್ತದೆ.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಇದು ಅದೇ ಕಾರೇ ಎಂದು ಸ್ನೇಹಿತರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೊಸ್ತಿಲು ಹೊಸದು, ಪಿನ್ನು ಹೊಸದು. ಟಾರ್ಷನ್ ಬಾರ್, ಬಾಗಿಲು, ಬಾನೆಟ್ಟು, ಇಬ್ಭಾಗದ ಮುಂಗಾಜು ಹಳೆಯವು. ನನ್ನ ಉತ್ತರ ಸರಳವಾದದ್ದು. ಉಳಿಯಬಲ್ಲದ್ದನ್ನು ಉಳಿಸುವುದು, ಉಳಿಯಲಾರದ್ದನ್ನು ಮೊದಲಿದ್ದ ರೀತಿಯಲ್ಲಿಯೇ ಮಾಡಿ ಹಾಕುವುದು, ಮಾಡಿದ್ದನ್ನು ಮುಚ್ಚಿಡದಿರುವುದು. ನಾವು ಹಾಕಿದ ಪ್ರತಿಯೊಂದು ತುಂಡಿನ ಲೆಕ್ಕವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದು ಗಾಡಿಯಲ್ಲಿಯೇ ಇಟ್ಟಿದ್ದೇನೆ. ಮುಂದೆ ಇದನ್ನು ಬಿಚ್ಚುವವರಿಗೆ ಪುಟ್ಟಿಯ ಹಿಂದೆ ಪತ್ರಿಕೆ ಸಿಕ್ಕಬಾರದು, ಸತ್ಯ ಸಿಕ್ಕಬೇಕು.

ಮಗಳು ಈಗ ಗಾಡಿಯನ್ನು ಓಡಿಸುತ್ತಾಳೆ. ಸಾವಿರ ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿದು ಕೆಳಗೆ ಮಲಗುವವಳೂ ಅವಳೇ. ಮುಂಗಾರಿಗೆ ಮುಂಚೆ ಹೊಸ್ತಿಲಿನ ರಂಧ್ರಗಳನ್ನು ತಂತಿಯಿಂದ ಬಿಡಿಸುವ ಕೆಲಸ ನನ್ನದು. ಬಣ್ಣ ಅಲ್ಲಲ್ಲಿ ಮಾಸಿದೆ. ಅದಕ್ಕೆ ಅವಸರವಿಲ್ಲ. ಜೀರ್ಣೋದ್ಧಾರವೆಂಬುದು ಒಂದು ಸಲ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲವೆಂದೇ ಅಲ್ಲವೇ ಹಿಂದಿನವರು ಅದಕ್ಕೆ ಭೂಮಿಯನ್ನೇ ಬಿಟ್ಟದ್ದು?

(ಬಾನುಲಿ ಭಾಷಣ)